ಪೈಪ್ ಮಾಡಲು ಕಡಿಮೆ ದುಡ್ಡಿನ ಲೇತ್: ಮರದ್ದೋ, ಲೋಹದ್ದೋ?

ಹೊಸ_ಉಳಿ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ತಂಬಾಕಿನ ಪೈಪ್ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಆರು ಆಗಿವೆ. ಆರೂ ಮೊದಲೇ ತೂತು ಕೊರೆದು ಬರುವ ಕಿಟ್‌ಗಳು. ಅರ ಮತ್ತು ಸ್ಯಾಂಡ್‌ಪೇಪರ್ ಹಿಡಿದು ಹೊರಗಿನ ಆಕಾರ ಕೊಟ್ಟಿದ್ದಷ್ಟೇ ನನ್ನ ಕೆಲಸ.

ಈಗ ತೂತನ್ನೂ ನಾನೇ ಕೊರೆಯಬೇಕು ಅನ್ನುವ ಆಸೆ. ಡ್ರಿಲ್ ಪ್ರೆಸ್‌ನಲ್ಲಿ ಕೊರೆಯಲು ಹೋಗಿ ಎರಡು ಬ್ರೈಯರ್ (ಪೈಪ್ ಮಾಡುವ ಗಟ್ಟಿ ಮರ) ತುಂಡು ಹಾಳಾದವು. ಒಂದರಲ್ಲಿ ಹೊಗೆದಾರಿ ಬೌಲ್‌ನ (ತಂಬಾಕು ತುಂಬುವ ಬಟ್ಟಲು) ತಳಕ್ಕೆ ಬರಲೇ ಇಲ್ಲ. 3 ಮಿ.ಮೀ. ಮೇಲೆ, ಒಂದು ಪಕ್ಕದ ಗೋಡೆಯಲ್ಲಿ ಬಂತು. ಇನ್ನೊಂದರಲ್ಲಿ ಸ್ಟೆಮ್ (ಬಾಯಿಗೆ ಇಡುವ ಕೊಳವೆ) ಕೂರಿಸಿದರೆ ಶ್ಯಾಂಕ್‌ಗೂ (ಬೌಲ್‌ನಿಂದ ಚಾಚುವ ಮರದ ಕತ್ತು) ಅದಕ್ಕೂ ನಡುವೆ ಒಂದು ಕಡೆ ಬೆಳಕು ಕಾಣುತ್ತದೆ. ಎಷ್ಟು ಉಜ್ಜಿದರೂ ಹೋಗಲಿಲ್ಲ.

ದುಡ್ಡು ಕಡಿಮೆ, ಜಾಗವೂ ಕಡಿಮೆ. ಒಂದೇ ಒಂದು ಲೇತ್ (ತುಂಡನ್ನು ಸುತ್ತಿಸಿ ಕಡೆಯುವ ಯಂತ್ರ) ಕೊಳ್ಳಬಹುದು. ಮೂರು ದಾರಿ ಕಾಣುತ್ತಿದೆ:

12 ಇಂಚು ಸ್ವಿಂಗ್ (ಸುತ್ತಿಸಬಹುದಾದ ತುಂಡಿನ ಗರಿಷ್ಠ ಅಡ್ಡಳತೆ) ಇರುವ ಮರದ ಮಿಡಿ ಲೇತ್, ಅಂದರೆ ಮರ ಕಡೆಯುವುದು. 7 ಇಂಚಿನ ಲೋಹದ ಮಿನಿ ಲೇತ್, ಅಂದರೆ ಲೋಹ ಕಡೆಯುವುದು. ಇಲ್ಲವೇ ಯಾವುದಾದರೂ ಹಳೆಯ ವರ್ಕ್‌ಶಾಪ್ ಲೇತ್.

ನೇರ ಪೈಪ್ ಜೊತೆಗೆ ಬಾಗಿದ ಪೈಪ್ ಕೂಡ ಮಾಡಬೇಕು. ಉಳಿ ಹಿಡಿದು ಮರ ಕಡೆದ ಅನುಭವ ಸ್ವಲ್ಪ ಇದೆ. ಲೋಹದ ಲೇತ್ ಮುಟ್ಟಿಲ್ಲ. ಯಾವುದು ತೆಗೆದುಕೊಳ್ಳಲಿ?

ಮೈಕ್ರಾನ್

ಲೋಹದ್ದು. ಎರಡನೇ ಯೋಚನೆ ಬೇಡ.

ನಿಮಗೆ ಬೆಳಕು ಕಂಡಿದ್ದು ಯಾಕೆ? ಶ್ಯಾಂಕ್‌ನ ಮುಖ ಮತ್ತು ಅದರ ತೂತು ಒಂದಕ್ಕೊಂದು ಲಂಬವಾಗಿಲ್ಲ. ಲೋಹದ ಲೇತ್‌ನಲ್ಲಿ ಫೇಸಿಂಗ್ (ಮುಖ ಮಟ್ಟ ಮಾಡುವುದು) ಒಂದು ಸಲ ಹೊಡೆದರೆ ಆ ಕಥೆ ಅಲ್ಲಿಗೆ ಮುಗಿಯುತ್ತದೆ. ಟೆನಾನ್ (ಶ್ಯಾಂಕ್‌ನೊಳಗೆ ಕೂರುವ ಸ್ಟೆಮ್‌ನ ತುದಿ) ಕಡೆಯುವಾಗ ಡಯಲ್ ತಿರುಗಿಸಿ ನೂರರಲ್ಲಿ ಎರಡು ಭಾಗ ಮಿ.ಮೀ. ಕೂಡ ಇಳಿಸಬಹುದು. ಕೈಯಲ್ಲಿ ಉಳಿ ಹಿಡಿದು ಇದನ್ನು ಮಾಡಿ ತೋರಿಸಿ ನೋಡೋಣ.

ಹೊಟ್ಟುರಾಶಿ

ಮೈಕ್ರಾನ್ ಅವರ ಮಾತು ಸ್ಟೆಮ್‌ಗೆ ಸರಿ. ಬ್ರೈಯರ್ ತುಂಡಿಗೆ ಸರಿಯಲ್ಲ. ಸ್ವಿಂಗ್ ಲೆಕ್ಕ ಹಾಕಿ.

ಹೊಗೆದಾರಿ ಕೊರೆಯುವಾಗ ಶ್ಯಾಂಕ್‌ನ ನಡುಗೆರೆ ಲೇತ್‌ನ ಅಕ್ಷಕ್ಕೆ ಬರಬೇಕು ಅಲ್ವಾ? ಆಗ ಬೌಲ್ ಪೂರ್ತಿ ಒಂದು ಪಕ್ಕಕ್ಕೆ ಚಾಚಿಕೊಂಡು ಸುತ್ತುತ್ತದೆ. ಸಾಮಾನ್ಯ ನೇರ ಪೈಪ್‌ನಲ್ಲೇ ಅದು ಅಕ್ಷದಿಂದ 50 ಮಿ.ಮೀ. ದೂರ ಹೋಗುತ್ತದೆ. ಮೂಲೆಗಳನ್ನೂ ಸೇರಿಸಿದರೆ ಸುತ್ತುವ ವೃತ್ತ 110 ಮಿ.ಮೀ. ದಾಟುತ್ತದೆ. ಬಾಗಿದ ಪೈಪ್ ಆದರೆ ಇನ್ನೂ ಜಾಸ್ತಿ. ದೊಡ್ಡ ಪ್ಲಾಟೋ (ಗಂಟಿನ ಹೊರಮೈ ಉಳಿಸಿಕೊಂಡ) ತುಂಡಿಗೆ 180 ಮಿ.ಮೀ. ಹತ್ತಿರ ಬೇಕು.

7 ಇಂಚಿನ ಲೇತ್ ಅಂದರೆ ಬೆಡ್ (ಲೇತ್‌ನ ಉದ್ದದ ತಳಹಳಿ) ಮೇಲೆ ಸುಮಾರು 180 ಮಿ.ಮೀ. ಉಳಿ ಹಿಡಿದು ಅಡ್ಡ ಸರಿಯುವ ಕ್ರಾಸ್ ಸ್ಲೈಡ್ ಮೇಲೆ ಅದು ಸುಮಾರು 110ಕ್ಕೆ ಇಳಿಯುತ್ತದೆ. ತುಂಡು ಸ್ಲೈಡ್‌ಗೆ ಬಡಿಯುತ್ತದೆ. 12 ಇಂಚಿನ ಮರದ ಲೇತ್‌ನಲ್ಲಿ 300 ಮಿ.ಮೀ. ಇದೆ. ಚಿಂತೆಯೇ ಇಲ್ಲ.

ಮೈಕ್ರಾನ್

ಕೊರೆಯುವಾಗ ಕ್ಯಾರೇಜ್ (ಆ ಸ್ಲೈಡ್ ಕೂತ ಗಾಡಿ) ಅನ್ನು ಚಕ್ (ತುಂಡು ಹಿಡಿಯುವ ಹಲ್ಲುಗಳ ಹಿಡಿಕೆ) ಹತ್ತಿರ ಇಡಬೇಕು ಅಂತ ಯಾರು ಹೇಳಿದರು? ಹಿಂದಕ್ಕೆ ತಳ್ಳಿ. ಬಡಿಯುವುದಿಲ್ಲ.

ಹೊಟ್ಟುರಾಶಿ

ಹಿಂದಕ್ಕೆ ತಳ್ಳಿದರೆ ಅದು ಟೇಲ್‌ಸ್ಟಾಕ್‌ನ (ಬಿಟ್ ಹಿಡಿಯುವ ಹಿಂಬದಿಯ ತಲೆ) ಜಾಗ ತಿನ್ನುತ್ತದೆ. ಉದ್ದದ ಲೆಕ್ಕವನ್ನೂ ಹಾಕಿ. ಚಕ್‌ನಿಂದ ಹೊರಗೆ ತುಂಡು 80 ಮಿ.ಮೀ., ಬಿಟ್ 100, ಡ್ರಿಲ್ ಚಕ್ 75. ಅಲ್ಲಿಗೇ 255 ಆಯಿತು. ಚಿಕ್ಕ ಮಿನಿ ಲೇತ್‌ನ ಉದ್ದದ ಜಾಗ 10 ಇಂಚು, ಅಂದರೆ 254 ಮಿ.ಮೀ. ಅದರಲ್ಲೂ ಮುಂದಿನ ಚಕ್‌ನ ದಪ್ಪ ಕಳೆಯಬೇಕು. ಚಿಕ್ಕ ಮಾದರಿಯಲ್ಲಿ ಬಿಟ್ ಒಳಗೆ ಹೋಗುವ ಮೊದಲೇ ಬೆಡ್ ಮುಗಿದಿರುತ್ತದೆ.

ಮೈಕ್ರಾನ್

10 ಇಂಚಿನದು ಬೇಡ, ಒಪ್ಪಿದೆ. 14 ಇಂಚಿನದು ತೆಗೆದುಕೊಳ್ಳಲಿ.

ಬೇರುಗಂಟು

ಹದಿನೈದು ವರ್ಷದಿಂದ ಪೈಪ್ ಮಾಡುತ್ತಿದ್ದೇನೆ. ಎರಡೂ ಬಗೆಯ ಲೇತ್‌ನಲ್ಲಿ ಕೆಲಸ ಮಾಡಿದ್ದೇನೆ. ಮರವೋ ಲೋಹವೋ ಅನ್ನುವ ಜಗಳಕ್ಕೆ ಮೊದಲು, ಪೈಪ್ ಕೆಲಸದಲ್ಲಿ ಲೇತ್ ಏನು ಮಾಡುತ್ತದೆ ಅಂತ ನೋಡೋಣ.

ಒಂದು ಹಿಡಿತದಲ್ಲಿ ತಂಬಾಕಿನ ಗುಳಿ ಕೊರೆಯುತ್ತೇವೆ. ಸಾಮಾನ್ಯವಾಗಿ 19ರಿಂದ 22 ಮಿ.ಮೀ. ಅಗಲ, ತಳ ದುಂಡಗೆ. ಬೇಕಾದರೆ ಅದೇ ಹಿಡಿತದಲ್ಲಿ ಬೌಲ್‌ನ ಹೊರಮೈಯನ್ನೂ ಸ್ವಲ್ಪ ಕಡೆಯುತ್ತೇವೆ. ಆಮೇಲೆ ತುಂಡು ತಿರುಗಿಸಿ ಇನ್ನೊಂದು ಹಿಡಿತ. ಅದರಲ್ಲಿ ಮೂರು ಕೆಲಸ: ಶ್ಯಾಂಕ್‌ನ ಮುಖ ಮಟ್ಟ ಮಾಡುವುದು, 8 ಮಿ.ಮೀ.ನ ಮಾರ್ಟೀಸ್ (ಟೆನಾನ್ ಕೂರುವ ತೂತು) ಕೊರೆಯುವುದು, ಅದರೊಳಗಿಂದ 4 ಮಿ.ಮೀ.ನ ಹೊಗೆದಾರಿ ಕೊರೆಯುವುದು. ಈ ಮೂರೂ ತುಂಡನ್ನು ಬಿಚ್ಚದೆ ಆಗಬೇಕು. ಹಾಗಾದರೆ ಮೂರೂ ತಾವಾಗಿಯೇ ಒಂದೇ ಗೆರೆಯಲ್ಲಿ ಬರುತ್ತವೆ. ಡ್ರಿಲ್ ಪ್ರೆಸ್‌ನಲ್ಲಿ ನೀವು ತುಂಡನ್ನು ಬಿಚ್ಚಿ ಕಟ್ಟಿರುತ್ತೀರಿ, ಇಲ್ಲವೇ ಮುಖವನ್ನು ಆಮೇಲೆ ಕೈಯಲ್ಲಿ ಉಜ್ಜಿರುತ್ತೀರಿ. ಬೆಳಕು ಬಂದಿದ್ದು ಅಲ್ಲಿಂದಲೇ.

ಇಷ್ಟೇ ಲೇತ್‌ನ ಕೆಲಸ. ಉಳಿದ ಆಕಾರವೆಲ್ಲ ಸ್ಯಾಂಡಿಂಗ್ ಡಿಸ್ಕ್, ಅರ ಮತ್ತು ಕಣ್ಣಿನದು.

ಈಗ ನೋಡಿ. ಈ ಪಟ್ಟಿಯಲ್ಲಿ ಹೆಚ್ಚಿನದೆಲ್ಲ ಕೊರೆಯುವ ಕೆಲಸ. ಕೊರೆಯುವುದು ಟೇಲ್‌ಸ್ಟಾಕ್. ನೀವು ಕೊಳ್ಳುತ್ತಿರುವುದು ಒಂದು ಟೇಲ್‌ಸ್ಟಾಕ್, ಅದರ ಜೊತೆಗೆ ಒಂದು ಲೇತ್ ಬರುತ್ತದೆ ಅಂತ ತಿಳಿದುಕೊಳ್ಳಿ. ಅಂಗಡಿಯಲ್ಲಿ ಮೋಟಾರಿನ ಶಕ್ತಿ, ಬಣ್ಣ, ಪೆಟ್ಟಿಗೆಯ ತುಂಬ ಬರುವ ಉಳಿಗಳು ಇದನ್ನೆಲ್ಲ ತೋರಿಸುತ್ತಾರೆ. ನೀವು ಹೆಡ್‌ಸ್ಟಾಕ್‌ಗೆ (ತುಂಡು ಸುತ್ತಿಸುವ ತಲೆ) ಒಂದು ಮೊನೆ, ಟೇಲ್‌ಸ್ಟಾಕ್‌ಗೆ ಒಂದು ಮೊನೆ ಹಾಕಿ, ಎರಡನ್ನೂ ಮುಟ್ಟುವಷ್ಟು ಹತ್ತಿರ ತನ್ನಿ. ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ. ಆಮೇಲೆ ಟೇಲ್‌ಸ್ಟಾಕ್‌ನ ಕೊಳವೆಯನ್ನು ಪೂರ್ತಿ ಹೊರಗೆ ತಂದು ಇನ್ನೊಮ್ಮೆ ನೋಡಿ. ಒಳಗಿದ್ದಾಗ ಸರಿಯಿದ್ದು, ಹೊರಬಂದಾಗ ತಲೆ ಬಾಗಿಸುವವು ಬಹಳ ಇವೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಆ ಲೇತ್ ಬಿಡಿ.

ಟೇಲ್‌ಸ್ಟಾಕ್ ನಡುಗೆರೆ ತಪ್ಪಿದ್ದರೆ ತೂತು ಬಾಯಿಯ ಹತ್ತಿರ ಅಗಲವಾಗುತ್ತದೆ. ತುಂಡು ಸುತ್ತುತ್ತಿರುತ್ತದೆ, ಬಿಟ್ ಪಕ್ಕಕ್ಕೆ ತಿಕ್ಕುತ್ತಿರುತ್ತದೆ. 8ರ ಬಿಟ್ ಹಾಕಿ 8.3ರ ಮಾರ್ಟೀಸ್ ಸಿಗುತ್ತದೆ. ಆಮೇಲೆ ಟೆನಾನ್ ಎಷ್ಟು ಚೆನ್ನಾಗಿ ಕಡೆದರೂ ಸಡಿಲವೇ.

ಒಂದುಎಳೆ

ಚಕ್‌ಗೆ ದುಡ್ಡು ಎತ್ತಿಡಿ. ಲೇತ್ ಕೊಂಡು ಚಕ್‌ಗೆ ಕಾಯುತ್ತ ಕೂತವನು ನಾನು.

ನಾಲ್ಕುಹಲ್ಲು

ಒಂದುಎಳೆ ಹೇಳಿದ್ದು ನೂರಕ್ಕೆ ನೂರು. ನನ್ನ ಪ್ರಕಾರ ಕೈಯಲ್ಲಿರುವ ದುಡ್ಡಿನ ಅರ್ಧ ಮಾತ್ರ ಲೇತ್‌ಗೆ. ಉಳಿದ ಅರ್ಧ ಚಕ್, ಡ್ರಿಲ್ ಚಕ್, ಬಿಟ್‌ಗಳು, ಕ್ಯಾಲಿಪರ್ ಇವಕ್ಕೆ ಹೋಗುತ್ತದೆ. ನಂಬಿ.

ಬ್ರೈಯರ್ ತುಂಡು ಹಿಡಿಯುವುದೇ ಒಂದು ವಿದ್ಯೆ. ಮೂರು ಹಲ್ಲಿನ ಚಕ್ ದುಂಡನೆಯದಕ್ಕೆ, ಇಲ್ಲಿ ಉಪಯೋಗವಿಲ್ಲ. ತಾನೇ ನಡುವಿಗೆ ತರುವ ನಾಲ್ಕು ಹಲ್ಲಿನ ಚಕ್ ಚೌಕ ತುಂಡನ್ನು ಅದರ ನಡುವಿನಲ್ಲೇ ಹಿಡಿಯುತ್ತದೆ. ಆದರೆ ನಮಗೆ ಬೇಕಾದ ಗೆರೆ ತುಂಡಿನ ನಡುವಲ್ಲ. ಒಂದೊಂದು ಹಲ್ಲೂ ಬೇರೆ ಬೇರೆ ಸರಿಯುವ ನಾಲ್ಕು ಹಲ್ಲಿನ ಚಕ್ ಕೆಲಸ ಮಾಡುತ್ತದೆ. ಆದರೆ ಪ್ರತಿ ತುಂಡಿಗೂ ಹತ್ತು ನಿಮಿಷ ಹೊಂದಿಸುತ್ತ ಕೂರಬೇಕು.

ಪೈಪ್‌ಗೆ ಹೇಳಿ ಮಾಡಿಸಿದ್ದು ಎರಡು ಹಲ್ಲಿನ ಚಕ್. ಎತ್ತರದ ಎರಡು ಹಲ್ಲು ತುಂಡನ್ನು ಎರಡು ಪಕ್ಕದಿಂದ ಮಾತ್ರ ಹಿಡಿಯುತ್ತವೆ. ಹಾಗಾಗಿ ತುಂಡನ್ನು ಮೇಲೆ ಕೆಳಗೆ ಸರಿಸಬಹುದು, ಬೇಕಾದ ಕೋನಕ್ಕೆ ತಿರುಗಿಸಬಹುದು. ಬಾಗಿದ ಪೈಪ್‌ಗೆ ಇದು ಬೇಕೇ ಬೇಕು. ಮರದ ಲೇತ್‌ನ ನಾಲ್ಕು ಹಲ್ಲಿನ ಸ್ಕ್ರೋಲ್ (ತಾನೇ ನಡುವಿಗೆ ತರುವ) ಚಕ್‌ನಲ್ಲಿ ಎರಡು ಹಲ್ಲು ತೆಗೆದು, ಉಳಿದೆರಡಕ್ಕೆ ಎತ್ತರದ ಹಲ್ಲು ಹಾಕಿದರೂ ನಡೆಯುತ್ತದೆ. ನಾನು ಅಲ್ಯೂಮಿನಿಯಂ ತುಂಡಿನಲ್ಲಿ ಮಾಡಿಕೊಂಡೆ, ಒಳಮೈಗೆ ಚರ್ಮ ಅಂಟಿಸಿದೆ. ಆರು ವರ್ಷದಿಂದ ಅದೇ ಇದೆ.

ಇನ್ನೊಂದು ಮುಖ್ಯ ಮಾತು. ಸ್ಪಿಂಡಲ್‌ನ (ಚಕ್ ಕೂರುವ ಸುತ್ತುವ ಕಂಬಿ) ಮರೆ, ಅಂದರೆ ತಿರುಪಿನ ಎಳೆ, ಯಾವುದು ಅಂತ ಕೊಳ್ಳುವ ಮೊದಲೇ ನೋಡಿ. 1 ಇಂಚು 8 ಎಳೆ (ಇಂಚಿಗೆ ಎಂಟು) ಅಥವಾ ಎಂ33 (33 ಮಿ.ಮೀ.) ಆದರೆ ಚಕ್ ಸುಲಭವಾಗಿ ಸಿಗುತ್ತದೆ. ವಿಚಿತ್ರ ಅಳತೆಯ ಮರೆ ಇದ್ದರೆ ಜೀವನಪೂರ್ತಿ ಅಡಾಪ್ಟರ್ ಹುಡುಕುತ್ತೀರಿ.

ಅರದಗೆಳೆಯ

ಎಲ್ಲರೂ ಲೇತ್ ಲೇತ್ ಅನ್ನುತ್ತಿದ್ದೀರಿ. ಲೇತ್ ಇಲ್ಲದೆಯೂ ಒಳ್ಳೆಯ ಪೈಪ್ ಆಗುತ್ತದೆ. ಡೆನ್ಮಾರ್ಕ್‌ನ ಪೈಪ್ ತಯಾರಕ ಸಿಕ್ಸ್ಟೆನ್ ಇವಾರ್ಸನ್ ಹೆಸರು ಕೇಳಿಲ್ವಾ? ಮೊದಲು ಆಕಾರ, ಆಮೇಲೆ ತೂತು. ಆ ದಾರಿ ತೋರಿಸಿದವರು ಅವರೇ. ಮರದ ಎಳೆ ಎತ್ತ ಓಡುತ್ತದೋ ಅತ್ತ ಪೈಪ್ ಓಡಬೇಕು. ಮೊದಲೇ ತೂತು ಕೊರೆದರೆ ಆ ತೂತಿಗೆ ನೀವು ಆಳು.

ಡ್ರಿಲ್ ಪ್ರೆಸ್ ಇದೆಯಲ್ಲ. ಒಂದು ಒಳ್ಳೆಯ ಜಿಗ್ (ತುಂಡನ್ನು ನೇರ ಹಿಡಿಯುವ ಚೌಕಟ್ಟು) ಮಾಡಿಕೊಳ್ಳಲಿ. ಸುಮ್ನೆ ದುಡ್ಡು ಯಾಕೆ ಸುರಿಯಬೇಕು?

ಬೇರುಗಂಟು

ಇವಾರ್ಸನ್ ಬಗ್ಗೆ ನನಗೂ ಅಷ್ಟೇ ಗೌರವ ಇದೆ. ಆದರೆ ಆಕಾರ ಕೊಟ್ಟ ಮೇಲೆ ಕೊರೆಯುವುದು ಕಲಿಯುವವರ ದಾರಿಯಲ್ಲ. ಚೌಕ ತುಂಡಿಗೆ ಹಿಡಿಯಲು ಸಮತಟ್ಟಾದ ಮೈ ಇರುತ್ತದೆ. ಆಕಾರ ಕೊಟ್ಟ ಪೈಪ್‌ಗೆ ಎಲ್ಲಿದೆ? ಜೊತೆಗೆ ಬಿಟ್ ಅರ್ಧ ಮಿ.ಮೀ. ತಪ್ಪಿದರೂ ಹತ್ತು ಗಂಟೆಯ ಕೆಲಸ ಹೋಗುತ್ತದೆ. ಮೊದಲು ಕೊರೆದರೆ ತೂತು ತಪ್ಪಿದರೂ ಆ ತೂತಿನ ಸುತ್ತ ಆಕಾರವನ್ನು ಸ್ವಲ್ಪ ಹೊಂದಿಸಿಕೊಳ್ಳಬಹುದು. ಇವರು ಇನ್ನೂ ತಪ್ಪುವ ಹಂತದಲ್ಲಿದ್ದಾರೆ. ತಪ್ಪಲು ಜಾಗ ಇರುವ ದಾರಿಯೇ ಒಳ್ಳೆಯದು.

ಅರದಗೆಳೆಯ

ಅದು ನ್ಯಾಯವಾದ ಮಾತು. ಆದರೂ ಎರಡು ತುಂಡು ಹಾಳಾದ ಕೂಡಲೇ ಯಂತ್ರ ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ಹನ್ನೊಂದು ಹಾಳು ಮಾಡಿದ ಮೇಲೆ ಕೈ ಕುದುರಿತು.

ಚಿಕ್ಕಗೂಟ

ಹನ್ನೊಂದು ಬ್ರೈಯರ್ ತುಂಡಿನ ದುಡ್ಡಿನಲ್ಲಿ ಒಂದು ಒಳ್ಳೆಯ ಡ್ರಿಲ್ ಚಕ್ ಬರುತ್ತಿತ್ತು ಅಲ್ವಾ. ಅಭ್ಯಾಸಕ್ಕೆ ಬ್ರೈಯರ್ ಯಾಕೆ? ಯಾವುದಾದರೂ ಗಟ್ಟಿ ಮರದ ಚೂರು ಹಿಡಿದು ಕೊರೆಯಿರಿ. ಕೊರೆದ ಮೇಲೆ ಗರಗಸದಿಂದ ಉದ್ದಕ್ಕೆ ಸೀಳಿ ನೋಡಿ. ಹೊಗೆದಾರಿ ಎಲ್ಲಿ ಬಾಗಿತು, ತಳಕ್ಕೆ ಎಷ್ಟು ದೂರ ಉಳಿಯಿತು ಎಲ್ಲ ಕಣ್ಣಿಗೆ ಕಾಣುತ್ತದೆ. ಹೀಗೆ ಸೀಳಿ ನೋಡಿದ ನಾಲ್ಕು ಚೂರು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದವು.

ಮೊದಲಹೊಗೆ

ವಿಷಯ ಬದಲಿಸಿದ್ದಕ್ಕೆ ಕ್ಷಮಿಸಿ. ಬ್ರೈಯರ್ ಅಂದರೆ ಕಾಡು ಗುಲಾಬಿಯ ಬೇರು ಅಂತ ಎಲ್ಲೋ ಓದಿದ್ದೆ. ಹಾಗಿದ್ದರೆ ಬೇರೆ ಹೂಗಿಡದ ಬೇರಿನಲ್ಲೂ ಪೈಪ್ ಮಾಡಬಹುದಾ?

ಬೇರುಗಂಟು

ಗುಲಾಬಿ ಅಲ್ಲ. ಇಂಗ್ಲಿಷ್‌ನಲ್ಲಿ ಮುಳ್ಳು ಗುಲಾಬಿಗೂ ಬ್ರೈಯರ್ ಅನ್ನುತ್ತಾರೆ, ಗೊಂದಲ ಅಲ್ಲಿಂದ. ಪೈಪ್‌ನ ಬ್ರೈಯರ್ ಬಂದಿದ್ದು ಫ್ರೆಂಚ್‌ನ ಬ್ರುಯೇರ್ ಅನ್ನುವ ಪದದಿಂದ. ಗಿಡದ ಹೆಸರು ಎರಿಕಾ ಅರ್ಬೋರಿಯಾ. ಮೆಡಿಟರೇನಿಯನ್ ಸಮುದ್ರದ ಸುತ್ತ, ಇಟಲಿ, ಗ್ರೀಸ್, ಕಾರ್ಸಿಕಾ, ಅಲ್ಜೀರಿಯಾ ಕಡೆ ಬೆಳೆಯುತ್ತದೆ. ಕಾಂಡಕ್ಕೂ ಬೇರಿಗೂ ನಡುವೆ ನೆಲದಡಿಯಲ್ಲಿ ಒಂದು ಗಂಟು ಬರುತ್ತದೆ. ನಮಗೆ ಬೇಕಾದದ್ದು ಆ ಗಂಟು. ಅದನ್ನು ಕತ್ತರಿಸಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಒಳಗಿನ ರಸ ತೆಗೆದು, ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸುತ್ತಾರೆ. ಬೆಂಕಿಯ ಬಿಸಿ ತಡೆಯುವ ಗುಣ ಇರುವುದರಿಂದಲೇ ಅದಕ್ಕೆ ಈ ಬೆಲೆ.

ಬೇರೆ ಮರಗಳೂ ಇವೆ. ಚೆರ್ರಿ, ಪೇರ್, ಆಲಿವ್. ಆದರೆ ಗೊತ್ತಿಲ್ಲದ ಗಿಡ ಮಾತ್ರ ಬೇಡವೇ ಬೇಡ. ಕಣಗಿಲೆಯಂಥ ಗಿಡದ ಪ್ರತಿ ಭಾಗವೂ ವಿಷ. ಅದರಲ್ಲಿ ಬೆಂಕಿ ಹಾಕಿ ಹೊಗೆ ಎಳೆಯುವುದನ್ನು ಯೋಚಿಸಲೂ ಬಾರದು. ರಾಳ ತುಂಬಿದ ಬಣ್ಣದ ಮರವೂ ತಂಬಾಕಿನ ಗುಳಿಗೆ ಬೇಡ.

ಹಳೇಕಬ್ಬಿಣ

ಮೂರನೇ ದಾರಿಯನ್ನು ಯಾರೂ ಮುಟ್ಟಲಿಲ್ಲ. ಹಳೆಯ ವರ್ಕ್‌ಶಾಪ್ ಲೇತ್. ಜಾಗ ಇದ್ದರೆ ಅದೇ ರಾಜ.

ಪೈಪ್ ಮಾಡುವವರಿಗೆ ಹಳೆಯ ಲೇತ್‌ನಲ್ಲಿ ಒಂದು ದೊಡ್ಡ ಲಾಭ ಇದೆ. ಬೇರೆಯವರು ಬೇಡ ಅನ್ನುವ ಕೊರತೆ ನಮಗೆ ಕೊರತೆಯೇ ಅಲ್ಲ. ಮರೆ ಕೊರೆಯುವ ಗೇರ್‌ಗಳು ಕಳೆದುಹೋಗಿವೆಯಾ? ನಮಗೆ ಅವು ಬೇಕಿಲ್ಲ. ಲೀಡ್ ಸ್ಕ್ರೂ (ಕ್ಯಾರೇಜ್ ಎಳೆಯುವ ಉದ್ದ ತಿರುಪು) ಸವೆದಿದೆಯಾ? ಚಿಂತೆ ಇಲ್ಲ. ಇಂಥವು ಬೆಲೆ ಇಳಿಸಿಕೊಂಡು ಕೂತಿರುತ್ತವೆ.

ನೋಡಬೇಕಾದದ್ದು ಮೂರೇ. ಸ್ಪಿಂಡಲ್‌ಗೆ ಒಂದು ಮರದ ದಿಮ್ಮಿ ಕೊಟ್ಟು ಮೇಲಕ್ಕೆ ಮೀಟಿ, ಆಟ ಇದೆಯಾ ನೋಡಿ. ಚಕ್ ಹತ್ತಿರದ ಬೆಡ್ ಮೇಲೆ ಬೆರಳಾಡಿಸಿ, ಮೆಟ್ಟಿಲಿನ ಹಾಗೆ ಸವೆದಿದೆಯಾ ನೋಡಿ. ಮೂರನೆಯದು ಬೇರುಗಂಟು ಹೇಳಿದ ಮೊನೆಯ ಪರೀಕ್ಷೆ. ನಾನು ತಂದ ಲೇತ್‌ನಲ್ಲಿ ಟೇಲ್‌ಸ್ಟಾಕ್ ಅಡಿ ಸವೆದು 0.4 ಮಿ.ಮೀ. ಕೆಳಗೆ ಕೂತಿತ್ತು. ತೆಳು ಹಿತ್ತಾಳೆ ತಗಡು ಕತ್ತರಿಸಿ ಎರಡು ಭಾಗದ ನಡುವೆ ಕೊಟ್ಟೆ. ಒಂದು ಭಾನುವಾರದ ಕೆಲಸ. ಅವತ್ತಿನಿಂದ ಕೂದಲೆಳೆಯಷ್ಟೂ ತಪ್ಪಿಲ್ಲ.

ಹಾಂ, ಮೋಟಾರು ಮೂರು ಫೇಸಿನದಾ ಅಂತಲೂ ಕೇಳಿ. ಆಗಿದ್ದರೆ ಇನ್ವರ್ಟರ್ ಡ್ರೈವ್‌ನ (ಒಂದು ಫೇಸನ್ನು ಮೂರು ಮಾಡುವ ಪೆಟ್ಟಿಗೆ) ಖರ್ಚು ಸೇರಿಸಿಕೊಳ್ಳಿ. ಅದರಿಂದ ವೇಗ ಹೆಚ್ಚು ಕಡಿಮೆ ಮಾಡುವ ಸೌಕರ್ಯವೂ ಬರುತ್ತದೆ.

ಹೊಸ_ಉಳಿ

ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಹಳೆಯ ಲೇತ್‌ನ ಮೇಲೆ ಮನಸ್ಸು ಬಂತು. ಆದರೆ ನನ್ನ ಕೆಲಸದ ಕೋಣೆ ಮಹಡಿಯ ಮೇಲಿದೆ. ಇಬ್ಬರು ಹೊತ್ತು ತರುವಷ್ಟೇ ಭಾರ ಇರಬೇಕು. ಹಾಗಾಗಿ ಅದನ್ನು ಬಿಡುತ್ತೇನೆ. ಈಗ ಮರದ ಮಿಡಿ, ಲೋಹದ ಮಿನಿ ಎರಡೇ ಉಳಿದವು.

ಮರದ ಲೇತ್ ತೆಗೆದುಕೊಂಡರೆ ಟೆನಾನ್ ಹೇಗೆ ಮಾಡುವುದು? ಮೈಕ್ರಾನ್ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿದೆ.

ನಾಲ್ಕುಹಲ್ಲು

ಎರಡು ದಾರಿ. ಮೊದಲನೆಯದು ಟೆನಾನ್ ಕಟರ್. ಅದನ್ನು ಟೇಲ್‌ಸ್ಟಾಕ್‌ನ ಡ್ರಿಲ್ ಚಕ್‌ಗೆ ಹಾಕುತ್ತೀರಿ. ಸ್ಟೆಮ್‌ನ ತೂತಿಗೆ ಅದರ ನಡುವಿನ ಕಡ್ಡಿ ಹೋಗುತ್ತದೆ, ಸುತ್ತಲೂ ಅಲಗು ಸವರಿಕೊಂಡು ಬರುತ್ತದೆ. ಅಲಗನ್ನು ತಿರುಪಿನಿಂದ ಹೊಂದಿಸಿ ಬೇಕಾದ ದಪ್ಪಕ್ಕೆ ತರಬಹುದು.

ಎರಡನೆಯದು ನನಗೆ ಇಷ್ಟವಾದದ್ದು, ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಕಡ್ಡಿ. ಟೆನಾನ್ ಕಡೆಯುವುದೇ ಬೇಡ. ಸ್ಟೆಮ್‌ನ ತುದಿಗೂ 8 ಮಿ.ಮೀ. ತೂತು ಕೊರೆದು 8ರ ಡೆಲ್ರಿನ್ ಕಡ್ಡಿ ಅಂಟಿಸಿ, ಆಮೇಲೆ ನಡುವೆ ಹೊಗೆದಾರಿ ಕೊರೆಯಿರಿ. ಡೆಲ್ರಿನ್‌ಗೆ ಅಂಟು ಹಿಡಿಯುವುದಿಲ್ಲ, ಅದು ಅಷ್ಟು ನುಣುಪು. ಒಳಗೆ ಹೋಗುವ ಭಾಗದಲ್ಲಿ ಗೀರು ಹಾಕಿ ಅಥವಾ ಮರೆ ಎಳೆಯಿರಿ. ಅಂಟು ಆ ಗೀರುಗಳಲ್ಲಿ ಕೂತು ಹಿಡಿಯುತ್ತದೆ. ಅದೇ ನುಣುಪಿನಿಂದ ಮಾರ್ಟೀಸ್ ಕಡೆ ಸಲೀಸಾಗಿ ತಿರುಗುತ್ತದೆ, ಬೇಗ ಮುರಿಯುವುದೂ ಇಲ್ಲ.

ಮೈಕ್ರಾನ್

ಕಡ್ಡಿಯ ಮೇಲೆ 8 ಅಂತ ಬರೆದಿದ್ದರೆ ನಂಬಬೇಡಿ. ಕ್ಯಾಲಿಪರ್ ಇಟ್ಟು ಅಳೆಯಿರಿ. ಬಿಟ್ ಕೊರೆದ ತೂತನ್ನೂ ಅಳೆಯಿರಿ. ಎರಡೂ 8 ಆಗಿರುವುದು ಅಪರೂಪ. ಮಾರ್ಟೀಸ್‌ನ ಆಳಕ್ಕೂ ಟೆನಾನ್‌ನ ಉದ್ದಕ್ಕೂ ಒಂದು ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಇರಲಿ. ಅಲ್ಲಿ ಖಾಲಿ ಜಾಗ ಬಿಟ್ಟರೆ ತೇವ ಕೂತು ಸೇದುವಾಗ ಗುಳುಗುಳು ಅನ್ನುತ್ತದೆ.

ನನ್ನ ಅಭಿಪ್ರಾಯ ಈಗಲೂ ಲೋಹದ ಲೇತ್ ಪರ. ಟೆನಾನ್ ಕಟರ್, ಡೆಲ್ರಿನ್ ಎಲ್ಲ ಇರುವುದು ಕ್ರಾಸ್ ಸ್ಲೈಡ್ ಇಲ್ಲದ ಕೊರತೆ ತುಂಬಲು.

ಹೊಟ್ಟುರಾಶಿ

ಇರಬಹುದು. ಆದರೆ ಸ್ಯಾಂಡಿಂಗ್ ಎಲ್ಲಿ ಮಾಡುತ್ತೀರಿ? ಮರದ ಲೇತ್‌ಗೆ ಡಿಸ್ಕ್ ಹಾಕಿ ಆಕಾರ ಕೊಡಬಹುದು, ಬಟ್ಟೆಯ ಚಕ್ರ ಹಾಕಿ ಕಾರ್ನೌಬಾ ಮೇಣದ ಹೊಳಪೂ ಕೊಡಬಹುದು. ಲೋಹದ ಲೇತ್‌ನಲ್ಲಿ ಇದನ್ನು ಮಾಡಿದರೆ ಸ್ಯಾಂಡ್‌ಪೇಪರ್‌ನ ಪುಡಿ ಎಣ್ಣೆ ಸವರಿದ ಬೆಡ್ ಮೇಲೆ ಬಿದ್ದು ಅದನ್ನೇ ಉಜ್ಜುತ್ತದೆ. ನೀವು ದುಡ್ಡು ಕೊಟ್ಟು ತಂದ ಆ ನಿಖರತೆ ವರ್ಷದೊಳಗೆ ಸವೆಯುತ್ತದೆ.

ಮೈಕ್ರಾನ್

ಬಟ್ಟೆ ಹೊದಿಸಿ ಕೆಲಸ ಮಾಡುತ್ತೇವೆ. ಆದರೆ ಇದು ನಿಜವಾದ ತೊಂದರೆ ಅಂತ ಒಪ್ಪುತ್ತೇನೆ.

ಚಿಕ್ಕಗೂಟ

ವೇಗದ ಬಗ್ಗೆ ಒಂದು ಮಾತು. ಒಂದು ಪಕ್ಕಕ್ಕೆ ಭಾರ ಇರುವ ತುಂಡು ಜೋರಾಗಿ ಸುತ್ತಿದರೆ ಇಡೀ ಮೇಜೇ ಕುಣಿಯುತ್ತದೆ. ಶ್ಯಾಂಕ್ ಕಡೆ ಕೊರೆಯುವಾಗ ನಾನು ನಿಮಿಷಕ್ಕೆ 500 ಸುತ್ತು ದಾಟುವುದಿಲ್ಲ. ಗುಳಿ ಕೊರೆಯುವ 20 ಮಿ.ಮೀ.ನ ಚಮಚದ ಆಕಾರದ ಬಿಟ್ ಹಾಕಿದಾಗ ಇನ್ನೂ ಕಡಿಮೆ. ಇಲ್ಲಿ ಇನ್ನೊಂದು ಸಮಸ್ಯೆ ಇದೆ. ಗುಂಡಿ ತಿರುಗಿಸಿ ವೇಗ ಇಳಿಸುವ ಸಣ್ಣ ಲೇತ್‌ಗಳಲ್ಲಿ ಕಡಿಮೆ ವೇಗದಲ್ಲಿ ಬಲವೂ ಇಳಿಯುತ್ತದೆ. ಬಿಟ್ ಕಚ್ಚಿ ನಿಂತೇ ಬಿಡುತ್ತದೆ. ಬೆಲ್ಟ್ ಅನ್ನು ಮೋಟಾರಿನ ಕಡೆಯ ಚಿಕ್ಕ ಪುಲ್ಲಿಗೆ ಬದಲಾಯಿಸುವ ಸೌಕರ್ಯ ಇದೆಯಾ ನೋಡಿ. ಮತ್ತೆ ಮೊದಲು 12 ಮಿ.ಮೀ. ಬಿಟ್‌ನಲ್ಲಿ ದಾರಿ ಮಾಡಿ, ಆಮೇಲೆ ಚಮಚದ ಬಿಟ್ ಹಾಕಿ.

ಎಡಗೈ

ಸುತ್ತುವ ತುಂಡಿನ ಮೂಲೆ ಕಣ್ಣಿಗೆ ಕಾಣುವುದಿಲ್ಲ, ಬರೀ ಮಂಜಿನ ಹಾಗೆ ಕಾಣುತ್ತದೆ. ಹೊಟ್ಟು ಸರಿಸಲು ಕೈ ಹಾಕಿ ನನ್ನ ಎಡಗೈಯ ಎರಡು ಬೆರಳಿನ ಗೆಣ್ಣಿಗೆ ಪೆಟ್ಟು ಬಿತ್ತು. ಮೂರು ವಾರ ಕಟ್ಟು ಹಾಕಿಕೊಂಡಿದ್ದೆ. ತುಂಡನ್ನು ಮೊದಲು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಅಂತ ನೋಡಿಯೇ ಸ್ವಿಚ್ ಹಾಕಿ. ಮೂಲೆಗಳನ್ನು ಗರಗಸದಲ್ಲಿ ತೆಗೆದುಬಿಡಿ. ಗ್ಲೌಸ್ ಹಾಕಬೇಡಿ, ಅದು ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮುಖಕ್ಕೆ ದೂಳಿನ ಮಾಸ್ಕ್ ಹಾಕಿ. ದಯವಿಟ್ಟು.

ಮೊದಲಹೊಗೆ

ಇನ್ನೂ ಚಿಕ್ಕ ಲೋಹದ ಲೇತ್‌ಗಳು ಇವೆಯಲ್ಲ, ಶೆರ್ಲೈನ್, ಟೈಗ್? ಮೇಜಿನ ಮೂಲೆಯಲ್ಲಿ ಕೂರುತ್ತವೆ.

ಮೈಕ್ರಾನ್

ಒಳ್ಳೆಯ ಯಂತ್ರಗಳು. ಆದರೆ ಶೆರ್ಲೈನ್‌ನ ಚಿಕ್ಕ ಲೇತ್‌ನ ಸ್ವಿಂಗ್ 3.5 ಇಂಚು, ಟೈಗ್‌ದು 4.5 ಇಂಚು. ಸ್ಟೆಮ್ ಕೆಲಸಕ್ಕೆ ಚೆನ್ನ. ಬ್ರೈಯರ್ ತುಂಡು ಸುತ್ತುವುದಿಲ್ಲ.

ಹೊಸ_ಉಳಿ

ಲೇತ್ ಕೊಂಡು ತಂದೆ! ಮರದ ಮಿಡಿ ಲೇತ್, 12 ಇಂಚು ಸ್ವಿಂಗ್, 1 ಇಂಚು 8 ಎಳೆಯ ಸ್ಪಿಂಡಲ್, ಟೇಲ್‌ಸ್ಟಾಕ್‌ನಲ್ಲಿ 2ನೇ ನಂಬರ್ ಮೋರ್ಸ್ ಟೇಪರ್ (ಡ್ರಿಲ್ ಚಕ್ ಕೂರುವ ಓರೆ ತೂತು). ಒಬ್ಬರು ಬಳಸಿದ್ದು. ಮೊನೆಯ ಪರೀಕ್ಷೆ ಮಾಡಿದೆ. ಮೊದಲು ನೋಡಿದ ಲೇತ್‌ನಲ್ಲಿ ಮೊನೆಗಳು ಒಂದನ್ನೊಂದು ದಾಟಿ ಹೋದವು, ಕಣ್ಣಿಗೇ ಕಾಣುವಷ್ಟು. ಅದನ್ನು ಬಿಟ್ಟೆ. ಇದರಲ್ಲಿ ಕೊಳವೆ ಹೊರಬಂದಾಗಲೂ ಮೊನೆ ಮೊನೆಗೇ ಕೂತಿತು. ಉಳಿದ ದುಡ್ಡಿಗೆ ಸ್ಕ್ರೋಲ್ ಚಕ್, ಡ್ರಿಲ್ ಚಕ್ ಬಂತು. ಎತ್ತರದ ಹಲ್ಲುಗಳನ್ನು ನಾನೇ ಮಾಡುತ್ತಿದ್ದೇನೆ.

ಗಟ್ಟಿ ಮರದ ಮೂರು ಚೂರು ಕೊರೆದು ಸೀಳಿ ನೋಡಿದೆ. ಮುಖ, ಮಾರ್ಟೀಸ್ ಎರಡೂ ಚೆನ್ನಾಗಿ ಬಂದಿವೆ. ಆದರೆ 4 ಮಿ.ಮೀ. ಹೊಗೆದಾರಿ ಕೊನೆಯಲ್ಲಿ ಒಂದು ಮಿ.ಮೀ. ಪಕ್ಕಕ್ಕೆ ಬಾಗಿದೆ. ಮೂರರಲ್ಲೂ. ಟೇಲ್‌ಸ್ಟಾಕ್ ಸರಿಯಿದೆಯಲ್ಲ, ಮತ್ತೆ ಯಾಕೆ?

ಬೇರುಗಂಟು

ಉದ್ದದ ತೆಳು ಬಿಟ್ ನೇರವಾಗಿ ಒಳಗೆ ಹಾಕಿದಿರಾ?

ಹೊಸ_ಉಳಿ

ಹೌದು. ಮಾರ್ಟೀಸ್ ಆದ ಕೂಡಲೇ ಉದ್ದದ 4ರ ಬಿಟ್.

ಬೇರುಗಂಟು

ಅಷ್ಟು ತೆಳು ಬಿಟ್ ಹೊರಗೆ 100 ಮಿ.ಮೀ. ಚಾಚಿದ್ದರೆ ಹುಲ್ಲುಕಡ್ಡಿಯ ಹಾಗೆ. ಮರದ ಎಳೆ ತಳ್ಳಿದ ಕಡೆಗೆ ಹೋಗುತ್ತದೆ. ನಾನು ಮೇಲೆ ಹೇಳಿದ ಕ್ರಮ ಬದಲಿಸಿ: ಮೊದಲು 4 ಮಿ.ಮೀ. ಹೊಗೆದಾರಿಯ ಬಾಯಿ ಮಾಡಿ, ಮಾರ್ಟೀಸ್ ಆಮೇಲೆ. ಶ್ಯಾಂಕ್ ಮುಖದಲ್ಲಿ ಸೆಂಟರ್ ಡ್ರಿಲ್‌ನಿಂದ ಗುಳಿ ಮಾಡಿ, ಗಿಡ್ಡ 4ರ ಬಿಟ್ ಹಾಕಿ ಅದು ಹೋಗುವಷ್ಟು ದೂರ ಹೋಗಿ. ಆಮೇಲೆ ಉದ್ದದ ಬಿಟ್ ಹಾಕಿದರೆ ಅದು ಈಗಾಗಲೇ ಇರುವ ನೇರ ದಾರಿಯಲ್ಲಿ ಕೂತಿರುತ್ತದೆ. 5 ಮಿ.ಮೀ.ಗೊಮ್ಮೆ ಪೂರ್ತಿ ಹೊರಗೆ ತೆಗೆದು ಹೊಟ್ಟು ಬಿಡಿಸಿ. ಒಳಗೆ ಹೊಟ್ಟು ಕಟ್ಟಿದರೆ ಅದೇ ಬಿಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಬಿಟ್ ಹೊಸದಾಗಿ ಮಸೆದದ್ದಾಗಿರಲಿ. ಎರಡು ಅಲಗಲ್ಲಿ ಒಂದು ಉದ್ದ ಒಂದು ಗಿಡ್ಡ ಇದ್ದರೂ ಬಾಗುತ್ತದೆ.

ಅರದಗೆಳೆಯ

ಇದು ಡ್ರಿಲ್ ಪ್ರೆಸ್‌ಗೂ ಅಷ್ಟೇ ಸತ್ಯ. ಯಾವ ಯಂತ್ರ ಆದರೂ ಬಿಟ್ ಬಾಗುವುದು ಇದೇ ಕಾರಣಗಳಿಗೆ.

ಹೊಸ_ಉಳಿ

ಬೇರುಗಂಟು ಹೇಳಿದ ಹಾಗೇ ಮಾಡಿದೆ. ಇನ್ನೆರಡು ಚೂರು ಸೀಳಿದೆ. ದಾರಿ ನೇರ ಬಂತು. ನಿನ್ನೆ ಧೈರ್ಯ ಮಾಡಿ ಬ್ರೈಯರ್ ಹಾಕಿದೆ. ಗುಳಿ 20 ಮಿ.ಮೀ., ಹೊಗೆದಾರಿ ತಳದ ನಡುವಿಗೇ ಬಂದಿದೆ. ಡೆಲ್ರಿನ್ ಟೆನಾನ್ ಕೂರಿಸಿ ದೀಪದ ಮುಂದೆ ಹಿಡಿದು ತಿರುಗಿಸಿದೆ. ಯಾವ ಕಡೆಯಿಂದಲೂ ಬೆಳಕು ಇಲ್ಲ. ಪೈಪ್ ಕ್ಲೀನರ್ ಸ್ಟೆಮ್‌ನಿಂದ ಹಾಕಿದರೆ ಎಲ್ಲೂ ತಡೆಯದೆ ಗುಳಿಯ ತಳಕ್ಕೆ ಹೋಗಿ ನಿಲ್ಲುತ್ತದೆ. ರಾತ್ರಿ ಎಷ್ಟು ಸಲ ಹಾಕಿ ತೆಗೆದೆನೋ ಲೆಕ್ಕವಿಲ್ಲ.

ಮುಂದಿನದು ಬಾಗಿದ ಪೈಪ್. ಎಬೊನೈಟ್ (ಗಟ್ಟಿ ರಬ್ಬರ್) ಸ್ಟೆಮ್ ಬಾಗಿಸುವಾಗ ಒಳಗಿನ ತೂತು ಮುಚ್ಚಿಹೋಗುವುದಿಲ್ಲವಾ?

ನಾಲ್ಕುಹಲ್ಲು

ಬಿಸಿ ಮಾಡುವ ಮೊದಲೇ ಆ ಪೈಪ್ ಕ್ಲೀನರ್ ಅನ್ನು ಒಳಗೆ ಹಾಕಿಡಿ. ಬಿಸಿ ಗಾಳಿಯಲ್ಲಿ ನಿಧಾನವಾಗಿ ತಿರುಗಿಸುತ್ತ ಕಾಯಿಸಿ, ಮೆತ್ತಗಾದಾಗ ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ತಣಿದ ಮೇಲೆ ಕ್ಲೀನರ್ ಎಳೆದು ತೆಗೆಯಿರಿ. ಗಂಧಕದ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.